ಕೆಲವೇ ಅಡಿ ಕೆಳಗೆ

ಬಹಳ ವರ್ಷಗಳ ಹಿಂದೆ ಗೆಳೆಯನೊಬ್ಬ ಅಂಟಿಸಿದ ಲಕೋಟೆಯೊಂದನ್ನು ನನ್ನ ಕೈಗಿತ್ತು, ‘ನಾನು ಊರಿನಿಂದ ಬರುವವರೆಗೆ ಇಟ್ಟುಕೊಂಡಿರು, ಒಡೆಯಬೇಡ’ ಎಂದಿದ್ದ. ಒಪ್ಪಿದ್ದೆ. ಮೂರನೆಯ ದಿನವೇ ಹಬೆ ಹಿಡಿದು ಬಿಡಿಸಿ ಓದಿ, ಮತ್ತೆ ಗೋಂದು ಹಚ್ಚಿಟ್ಟೆ. ಒಳಗಿದ್ದುದು ಮನೆಯ ಸಾಲದ ಲೆಕ್ಕ, ಅಷ್ಟೇ. ಅವನಿಗೆ ಇಂದಿಗೂ ಗೊತ್ತಿಲ್ಲ. ಕಾಂಚನಜುಂಗಾ ಶಿಖರದ ಕಥೆ ಓದಿದಾಗ ನನಗೆ ನೆನಪಾದದ್ದು ಆ ಲಕೋಟೆ.

ನೇಪಾಳ ಮತ್ತು ಸಿಕ್ಕಿಂ ಗಡಿಯಲ್ಲಿರುವ ಈ ಶಿಖರದ ಎತ್ತರ 8,586 ಮೀಟರ್, ಜಗತ್ತಿನಲ್ಲಿ ಮೂರನೆಯದು. 1905ರಲ್ಲಿ ಹತ್ತಲು ಹೋದ ತಂಡವೊಂದರ ನಾಲ್ವರು ಹಿಮಕುಸಿತಕ್ಕೆ ಬಲಿಯಾದರು. ಆಮೇಲೆ ಬಂದವರೂ ಸೋತು ಮರಳಿದರು. 1955ರಲ್ಲಿ ಚಾರ್ಲ್ಸ್ ಇವಾನ್ಸ್ ಅವರ ಬ್ರಿಟಿಷ್ ತಂಡ ನೇಪಾಳದ ಕಡೆಯಿಂದ ಹೊರಟಿತು. ಸಿಕ್ಕಿಂ ಜನರಿಗೆ ಅದು ಬರಿಯ ಬೆಟ್ಟವಲ್ಲ, ನಾಡು ಕಾಯುವ ದೈವ. ನೇಪಾಳದ ಅನುಮತಿ ಇದ್ದುದರಿಂದ ಸಿಕ್ಕಿಂ ತಡೆಯುವ ಹಾಗಿರಲಿಲ್ಲ. ಆದರೂ ಇವಾನ್ಸ್ ಅಲ್ಲಿಯವರ ಅಳುಕನ್ನು ಅರಿತು, ತುದಿಯನ್ನು ತುಳಿಯುವುದಿಲ್ಲವೆಂದು ಮಾತು ಕೊಟ್ಟರು.

ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಕೊನೆಯ ಬಂಡೆಯ ಬಿರುಕು ಹಿಡಿದು ಹತ್ತಿ ಬಂದಾಗ, ಹಿಮದ ತುದಿ ಕೆಲವೇ ಅಡಿಗಳ ಆಚೆ ಇತ್ತು. ಅಲ್ಲಿಯೇ ನಿಂತರು. ಮರುದಿನ ಬಂದ ನಾರ್ಮನ್ ಹಾರ್ಡಿ, ಟೋನಿ ಸ್ಟ್ರೀದರ್ ಕೂಡ ಹಾಗೆಯೇ ನಿಂತು ಇಳಿದರು. 1977ರಲ್ಲಿ ಸಿಕ್ಕಿಂ ಕಡೆಯಿಂದ ಏರಿದ ಭಾರತೀಯ ಸೇನೆಯ ತಂಡವೂ ತುದಿಯನ್ನು ಮುಟ್ಟಲಿಲ್ಲ.

ಈ ಕಥೆ ಹೇಳಿದಾಗ ಪರಿಚಿತರೊಬ್ಬರು, ‘ಹೆಗಲು ತುಳಿದವರು ತಲೆ ಬಿಟ್ಟರೆ ಅದೇನು ದೊಡ್ಡ ಮರ್ಯಾದೆ?’ ಎಂದು ನಕ್ಕರು. ಮಾತಿನಲ್ಲಿ ಹುರುಳಿದೆ. ದೈವವನ್ನು ನಂಬುವವನಿಗೆ ಇಡೀ ಬೆಟ್ಟವೇ ದೈವ. ಹಾಗೆಂದು ಆ ಕೆಲವು ಅಡಿಗಳಿಗೆ ಬೆಲೆಯಿಲ್ಲವೇ? ಹತ್ತಿದವರಿಗೆ ಆ ದೈವದಲ್ಲಿ ನಂಬಿಕೆ ಇರಬೇಕಾಗಿರಲಿಲ್ಲ. ನಂಬಿದವರಿಗೆ ಕೊಟ್ಟ ಮಾತು ಮಾತ್ರ ಇತ್ತು. ಮುಂದೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ನೋಡುವವರು ಯಾರು? ಗಾಳಿ ಬೀಸಿದರೆ ಹೆಜ್ಜೆಯ ಗುರುತೂ ಉಳಿಯುತ್ತಿರಲಿಲ್ಲ. ಕೈಗೆ ಬಂದ ತುತ್ತನ್ನು ಯಾರ ಬಲವಂತವೂ ಇಲ್ಲದೆ ಕೆಳಗಿಟ್ಟವರು ಅವರು.

ನನ್ನ ಗೆಳೆಯ ಊರಿನಿಂದ ಬಂದು ಲಕೋಟೆ ತೆಗೆದುಕೊಂಡಾಗ, ‘ನಿನ್ನ ಹತ್ತಿರ ಕೊಟ್ಟಿದ್ದರಿಂದ ನಿಶ್ಚಿಂತೆಯಾಗಿದ್ದೆ ಮಾರಾಯ’ ಎಂದ. ಅಂದು ನಾನು ಅವನ ಮುಖ ನೋಡಲಿಲ್ಲ.