ಹಿತವಾದ ಆವರಣ

ಆವರಣವೆಂಬುದು ನಮ್ಮ ದರ್ಶನಕಾರರ ದೃಷ್ಟಿಯಲ್ಲಿ ಬಹುಮಟ್ಟಿಗೆ ಹಗೆಯ ಸ್ಥಾನದಲ್ಲಿಯೇ ನಿಂತಿರತಕ್ಕ ವಸ್ತು. ಅದ್ವೈತಿಗಳು ಅವಿದ್ಯೆಗೆ ಆವರಣ, ವಿಕ್ಷೇಪಗಳೆಂಬ ಎರಡು ಶಕ್ತಿಗಳನ್ನು ಹೇಳಿ, ಮೊದಲನೆಯದು ಇರುವುದನ್ನು ಮರೆಮಾಡುತ್ತದೆ, ಎರಡನೆಯದು ಇಲ್ಲದುದನ್ನು ತೋರಿಸುತ್ತದೆ ಎಂದರು. ಜೈನಾಚಾರ್ಯರು ಜೀವವನ್ನು ಬಂಧಿಸುವ ಎಂಟು ಕರ್ಮಗಳನ್ನು ಎಣಿಸುವಾಗ ಜ್ಞಾನಾವರಣೀಯ, ದರ್ಶನಾವರಣೀಯಗಳನ್ನು ಮೊದಲಲ್ಲಿಯೇ ಇಟ್ಟರು. ಮುಮುಕ್ಷುವಿನ ಸಾಧನೆಯೆಲ್ಲವೂ ತೆರೆಯನ್ನು ಸರಿಸುವುದಕ್ಕಾಗಿಯೇ ಇರುವಾಗ, ತನ್ನ ಕಣ್ಣಿಗೆ ತಾನೇ ಒಂದು ತೆರೆಯನ್ನು ಕಟ್ಟಿಕೊಳ್ಳುವವನು ಸತ್ಯಕ್ಕೆ ಸಮೀಪನಾಗುವನೇ, ದೂರನಾಗುವನೇ? ಮೋಟಾರ್ ಸೈಕಲ್ ಸವಾರಿಗೆಂದು ಒಳ್ಳೆಯದೊಂದು ತಂಪು ಕನ್ನಡಕವನ್ನು ಆರಿಸಲು ಅಂಗಡಿಯ ಮೆಟ್ಟಿಲನ್ನು ಹತ್ತಿದವನ ಮುಂದೆಯೂ ಈ ಪ್ರಶ್ನೆ ಬಂದು ನಿಲ್ಲುತ್ತದೆ. ಅಲ್ಲಿ ಅದಕ್ಕೆ ಪ್ರಾಣದ ಭಾರವೂ ಕೂಡಿಕೊಳ್ಳುತ್ತದೆ.

ವೈಶಾಖದ ನಡುಹಗಲಿನಲ್ಲಿ, ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ನೆರಳು ಅಪರೂಪವಾದ ಆ ಬಯಲುಸೀಮೆಯಲ್ಲಿ, ಬರಿಗಣ್ಣಿನ ಸವಾರನ ಸ್ಥಿತಿಯನ್ನು ಆಲೋಚಿಸಿರಿ. ಡಾಂಬರಿನಿಂದಲೂ ಎದುರು ಬರುವ ಲಾರಿಯ ಗಾಜಿನಿಂದಲೂ ಚಿಮ್ಮುವ ಪ್ರಭೆಗೆ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಗಾಳಿಯ ಹೊಡೆತಕ್ಕೆ ಕಣ್ಣಿನ ಪಸೆ ಆರಿ ಧೂಳಿಗೆ ಕಣ್ಣು ಉರಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವವನು ಒಂದೇ ಸೆಕೆಂಡು ಕಣ್ಣು ಮುಚ್ಚಿದರೂ 16 ಮೀಟರಿಗೆ ಮಿಕ್ಕ ದಾರಿ ಕಾಣದೆಯೇ ಕಳೆದುಹೋಗಿರುತ್ತದೆ. ಇಲ್ಲಿ ಕಾಣ್ಕೆಯನ್ನು ಮುಚ್ಚಿದುದು ಬೆಳಕೇ ಆಯಿತು. ಈಶಾವಾಸ್ಯೋಪನಿಷತ್ತಿನ ಋಷಿ ಈ ಮರ್ಮವನ್ನು ಬಲ್ಲವನಾಗಿದ್ದನೆಂದೇ ನನ್ನ ನಂಬಿಕೆ. ಸತ್ಯದ ಮುಖಕ್ಕೆ ಕವಿದಿರುವುದು ಹೊನ್ನಿನ ಪಾತ್ರೆಯೆಂದು, ಎಂದರೆ ಥಳಥಳಿಸುವ ವಸ್ತುವೇ ಎಂದು, ಆತನು ಕಂಡುಕೊಂಡನು. ಅದನ್ನು ಸರಿಸಬೇಕೆಂದು ಪೂಷನನ್ನು ಬೇಡಿದವನು ಅಷ್ಟಕ್ಕೇ ನಿಲ್ಲದೆ, ಆ ದೇವನು ತನ್ನ ತೇಜಸ್ಸನ್ನು ಉಪಸಂಹರಿಸಿಕೊಳ್ಳಬೇಕೆಂದೂ, ಆಗ ಅದರ ಹಿಂದಣ ಮಂಗಳರೂಪವು ತನಗೆ ಗೋಚರವಾಗುವುದೆಂದೂ ಪ್ರಾರ್ಥಿಸಿದನು. ಅತಿಯಾದ ತೇಜಸ್ಸು ತಾನೇ ಒಂದು ಆವರಣ; ಅದನ್ನು ಮಿತಗೊಳಿಸುವುದು ಅನಾವರಣದ ಒಂದು ಕ್ರಮ.

ಆದರೆ ಬೆಳಕನ್ನು ತಗ್ಗಿಸುವುದೆಲ್ಲವೂ ಹಿತಕಾರಿಯೆಂದು ತಿಳಿಯತಕ್ಕದ್ದಲ್ಲ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಯಮನು ನಚಿಕೇತನಿಗೆ ಬೋಧಿಸಿದ ವಿವೇಕವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ದಾರಿಯ ಬದಿಯಲ್ಲಿ ತೂಗುಹಾಕಿದ ಅಗ್ಗದ ಕಪ್ಪು ಕನ್ನಡಕವು ಧರಿಸಿದೊಡನೆ ಕಣ್ಣಿಗೆ ಸುಖವನ್ನು ಕೊಡುತ್ತದೆ. ಕಪ್ಪಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಮಸೂರವು ನೇರಳಾತೀತ ಕಿರಣಗಳನ್ನು ತಡೆಯತಕ್ಕದ್ದಲ್ಲವಾದರೆ, ಹಿಗ್ಗಿದ ಆ ದ್ವಾರದಿಂದ ಅವು ಬರಿಗಣ್ಣಿಗೆ ಹೊಕ್ಕುದಕ್ಕಿಂತ ಹೆಚ್ಚಾಗಿಯೇ ಒಳನುಗ್ಗಬಹುದು. ಕಣ್ಣಿನಲ್ಲಿ ಪೊರೆ ಬೆಳೆಯುವುದಕ್ಕೆ ಈ ಕಿರಣಗಳೂ ಒಂದು ಕಾರಣವೆಂಬುದು ವೈದ್ಯರಿಗೆ ವಿದಿತವಾದ ಸಂಗತಿ. ಬರಿಗಣ್ಣಿನವನನ್ನು ಎಚ್ಚರಿಸುತ್ತಿದ್ದ ನೋವನ್ನು ಹರಣಮಾಡಿ ಹಾನಿಯನ್ನು ಮಾತ್ರ ಉಳಿಸುವ ಇಂಥ ಸಮಾಧಾನವು, ಸಮಾಧಾನವೇ ಇಲ್ಲದಿರುವುದಕ್ಕಿಂತ ಕೇಡು.

ಹಾಗಾದರೆ ಒಳ್ಳೆಯದನ್ನು ಗುರುತಿಸುವುದೆಂತು? ಪ್ರಮಾಣಶಾಸ್ತ್ರದ ತೊಡಕು ತಲೆದೋರುವುದು ಇಲ್ಲಿ. ನೇರಳಾತೀತ ಕಿರಣವು ಕಣ್ಣಿಗೆ ಅಗೋಚರವಾದುದರಿಂದ, ಅದು ತಡೆಯಲ್ಪಟ್ಟಿತೋ ಇಲ್ಲವೋ ಎಂಬುದಕ್ಕೆ ಪ್ರತ್ಯಕ್ಷವು ಪ್ರಮಾಣವಾಗಲಾರದು. ಕಪ್ಪು ಗಾಢವಾಗಿದೆಯೆಂಬ ಹೇತುವಿನಿಂದ ರಕ್ಷಣೆಯೂ ಗಾಢವೆಂದು ಊಹಿಸುವುದು ಹೇತ್ವಾಭಾಸ, ಏಕೆಂದರೆ ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಮಸೂರವೂ ಆ ಕಿರಣಗಳನ್ನು ತಡೆಯಬಲ್ಲದು. ಉಳಿಯುವುದು ಆಪ್ತವಾಕ್ಯ. 400 ನ್ಯಾನೋಮೀಟರಿನವರೆಗಿನ ಕಿರಣಗಳನ್ನು ತಡೆಯುವುದೆಂಬ ‘ಯುವಿ 400’ ಗುರುತು ಅಂಥದೊಂದು ವಾಕ್ಯ. ಆದರೆ ಗುರುತನ್ನು ಯಾರಾದರೂ ಅಂಟಿಸಬಲ್ಲರಾದುದರಿಂದ, ವಾಕ್ಯದೊಡನೆ ವಕ್ತೃವಿನ ಆಪ್ತತೆಯನ್ನೂ ವಿಚಾರಿಸಿ, ಅಳೆಯುವ ಯಂತ್ರವನ್ನು ಇಟ್ಟುಕೊಂಡಿರುವ ಕನ್ನಡಕದ ಅಂಗಡಿಯಲ್ಲಿ ಪರೀಕ್ಷಿಸಿಕೊಳ್ಳುವುದು ಶ್ರದ್ಧೆಗೆ ವಿರೋಧವಲ್ಲ, ಅದರ ಪೂರ್ಣತೆ. ಇನ್ನು ವಿಕ್ಷೇಪವನ್ನಾದರೋ ಕಣ್ಣೇ ಕಂಡುಹಿಡಿಯಬಲ್ಲದು: ಕನ್ನಡಕವನ್ನು ತೋಳಿನಳತೆಯ ದೂರದಲ್ಲಿ ಹಿಡಿದು, ಬಾಗಿಲ ಚೌಕಟ್ಟಿನ ನೇರವಾದ ಅಂಚನ್ನು ಅದರ ಮೂಲಕ ನೋಡುತ್ತ ಮೆಲ್ಲನೆ ಸರಿಸಿದಾಗ ಗೆರೆಯು ಬಾಗಿ ಬಳುಕಿದರೆ, ಆ ಮಸೂರವು ಇಲ್ಲದುದನ್ನು ತೋರಿಸತಕ್ಕದ್ದು, ತ್ಯಾಜ್ಯ. ಬೂದುಬಣ್ಣವು ಲೋಕದ ವರ್ಣಗಳನ್ನು ಇದ್ದಂತೆಯೇ ಉಳಿಸುತ್ತದೆ, ಕಂದು ಬಣ್ಣವು ತಗ್ಗುದಿಣ್ಣೆಗಳನ್ನು ಸ್ಫುಟಗೊಳಿಸುತ್ತದೆ. ಸಿಗ್ನಲ್ಲಿನ ಕೆಂಪು ಹಸಿರುಗಳನ್ನು ಕಲಸಿಬಿಡುವ ಬಣ್ಣ ಯಾವುದೇ ಆಗಲಿ ಸವಾರನಿಗೆ ಸಲ್ಲದು. ವೇಗದಲ್ಲಿ ಜೀರುಂಡೆಯೋ ಹರಳೋ ಬಡಿದಾಗ ಒಡೆದು ಕಣ್ಣನ್ನೇ ಚುಚ್ಚುವ ಗಾಜಿಗಿಂತ ಪಾಲಿಕಾರ್ಬೊನೇಟ್ ಮೇಲು. ಹೆಲ್ಮೆಟ್ಟಿನೊಳಗೆ ಕಣತಲೆಯನ್ನು ಒತ್ತದೆ ಜಾರುವ, ತೆಳುವಾದ ನೇರ ಕಡ್ಡಿಗಳು ಲೇಸು.

ಶ್ರೇಷ್ಠವೆನಿಸಿದುದಕ್ಕೂ ಮೇರೆಯುಂಟು. ಪೋಲರಾಯ್ಡ್ ಮಸೂರವು ರಸ್ತೆಯಿಂದ ಪ್ರತಿಫಲಿಸುವ ಝಳಪನ್ನು ಬಹಳವಾಗಿ ಅಡಗಿಸುತ್ತದೆ; ಆದರೆ ಒದ್ದೆ ನೆಲದ ಮಿನುಗೂ, ಚೆಲ್ಲಿದ ಎಣ್ಣೆಯ ಹೊಳಪೂ ಅದರೊಡನೆಯೇ ಅಡಗಬಹುದು, ಗಾಡಿಯ ಮುಂದಣ ಡಿಜಿಟಲ್ ಫಲಕದ ಅಂಕಿಗಳೂ ಮಸಕಾಗಬಹುದು; ಬಾಧಿಸುತ್ತಿದ್ದ ಹೊಳಪೇ ಕೆಲವೊಮ್ಮೆ ಬೋಧಿಸುವ ಹೊಳಪೂ ಆಗಿರುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಮಸೂರಕ್ಕೆ ಪ್ರೇರಣೆ ನೇರಳಾತೀತ ಕಿರಣವಾದುದರಿಂದ, ಆ ಕಿರಣವನ್ನು ತಡೆಯುವ ಹೆಲ್ಮೆಟ್ ಗಾಜಿನ ಹಿಂದೆ ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಅಂತರರಾಷ್ಟ್ರೀಯ ಮಾನದಂಡವು ತಂಪು ಕನ್ನಡಕಗಳನ್ನು 0ಯಿಂದ 4ರವರೆಗೆ ವರ್ಗೀಕರಿಸಿದೆ. ಬೆಳಕಿನಲ್ಲಿ ನೂರಕ್ಕೆ 8ರಿಂದ 18 ಭಾಗವನ್ನು ಬಿಡುವ 3ನೆಯ ವರ್ಗವು ಪ್ರಖರ ಹಗಲಿಗೆ ಯುಕ್ತ. ಅದಕ್ಕಿಂತ ಕಡಿಮೆ ಬಿಡುವ 4ನೆಯದು ವಾಹನ ನಡೆಸುವವರಿಗೆ ನಿಷಿದ್ಧ. ಯುಕ್ತವಾದ ಕನ್ನಡಕವೂ ಮುಸ್ಸಂಜೆಯಾಗುತ್ತಲೇ ಕಳಚಿಡತಕ್ಕ ವಸ್ತುವಾಗುತ್ತದೆ.

ಇಷ್ಟೆಲ್ಲ ವಿಚಾರವು ಒಬ್ಬನ ಕಣ್ಣಿನ ಸೌಖ್ಯಕ್ಕಾಗಿಯೇ ಆಗಿದ್ದರೆ ಇದನ್ನು ಧರ್ಮದ ಮಾತೆನ್ನುವ ಅಗತ್ಯವಿರಲಿಲ್ಲ. ಆದರೆ ದಾರಿಯಲ್ಲಿ ಸವಾರನ ದೃಷ್ಟಿಯು ಅವನೊಬ್ಬನ ಸೊತ್ತಲ್ಲ. ರಸ್ತೆ ದಾಟುವ ಮುದುಕಿಯ, ಶಾಲೆಯಿಂದ ಮರಳುವ ಮಗುವಿನ, ಬೆದರಿ ಅಡ್ಡಬರುವ ಕರುವಿನ ಆಯುಸ್ಸು ಆ ದೃಷ್ಟಿಯನ್ನು ಅವಲಂಬಿಸಿರುತ್ತದೆ. ಆದುದರಿಂದ ಆವರಣವನ್ನು ಒರೆಗೆ ಹಚ್ಚುವ ಕ್ರಮ ಒಂದೇ: ಅದನ್ನು ಧರಿಸಿದ ಮೇಲೆ ಎದುರಿನ ಜೀವವು ಹೆಚ್ಚು ಸ್ಪಷ್ಟವಾಯಿತೋ, ಅಸ್ಪಷ್ಟವಾಯಿತೋ? ಉಪವಾಸ, ಮೌನ, ಮಡಿ, ವ್ರತಗಳೆಂದು ಮತಗಳು ಇಂದ್ರಿಯಗಳಿಗೆ ಹಾಕಿಕೊಟ್ಟ ತೆರೆಗಳನ್ನೂ ಈ ಒರೆಗಲ್ಲಿಗೇ ಹಚ್ಚಬೇಕು. ತೊಟ್ಟವನಿಗೆ ನೆರೆಯವನ ನೋವನ್ನು ನಿಚ್ಚಳವಾಗಿ ಕಾಣಿಸುವ ನಿಯಮವು ಹಿತವಾದ ಆವರಣ. ತಾನು ಸುರಕ್ಷಿತನೆಂಬ ತಂಪನ್ನು ಕೊಟ್ಟು ನೆರೆಯವನನ್ನು ಮಸಕುಮಾಡುವ ನಿಯಮವು, ಎಷ್ಟೇ ಪುರಾತನವಾಗಿರಲಿ, ಅವಿದ್ಯೆಯ ಪಕ್ಷದ್ದು. ಮತ್ತು ಹಿತವಾದುದನ್ನೂ ಅದರ ಹೊತ್ತು ಕಳೆದ ಮೇಲೆ ಕಳಚಿಡಬಲ್ಲ ಧೈರ್ಯವುಳ್ಳವನೇ ಅದನ್ನು ಧರಿಸಲು ಅಧಿಕಾರಿ.