ಮಕ್ಕಳಿಗೆ ಹೊಲದ ದರ್ಶನ

ಅನ್ನವು ಎಲ್ಲಿಂದ ಬರುತ್ತದೆಂದು ಐದಾರು ವರ್ಷದ ಮಗುವನ್ನು ಕೇಳಿದರೆ ‘ಅಡಿಗೆಮನೆಯಿಂದ’ ಎನ್ನುತ್ತದೆ. ಇನ್ನೂ ಸ್ವಲ್ಪ ತಿಳಿದ ಮಗುವಾದರೆ ‘ಅಂಗಡಿಯಿಂದ’ ಎನ್ನುತ್ತದೆ. ಈ ಉತ್ತರ ಸುಳ್ಳಲ್ಲ, ಅರ್ಧಸತ್ಯ. ಉಳಿದರ್ಧವನ್ನು ತೋರಿಸಿಕೊಡುವುದು ಹಿರಿಯರ ಹೊಣೆ. ಎಳೆಯ ಮಕ್ಕಳನ್ನು ಹೊಲಗದ್ದೆಗಳಿಗೆ ಕರೆದೊಯ್ಯುವ ಪದ್ಧತಿ ಶಾಲೆಗಳಲ್ಲಿ ಅಲ್ಲಲ್ಲಿ ಕಾಣಬರುತ್ತಿದೆ. ಅದು ಬರಿಯ ವಿನೋದಸಂಚಾರವೋ, ಸಂಸ್ಕಾರವೋ ಎಂಬುದು ವಿಚಾರಾರ್ಹವಾದ ಸಂಗತಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಸದ್ಭಕ್ತರಲ್ಲಿ ಬಹುಮಂದಿ ಒಕ್ಕಲುತನದವರೇ. ‘ಒಕ್ಕಲು ಮಕ್ಕಳಿಗೆ ಹೊಲವನ್ನು ತೋರಿಸುವುದೇನಿದೆ?’ ಎಂದು ಅವರು ಕೇಳಬಹುದು. ಆದರೆ ಬೆಳಗಾಗುತ್ತಲೇ ಬಸ್ಸನ್ನೇರಿ ಪಟ್ಟಣದ ಶಾಲೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮರಳುವ ಮಗುವಿಗೆ ಹಿತ್ತಿಲಾಚೆಯ ಹೊಲವೂ ಪರದೇಶವೇ ಸರಿ. ಕಣ್ಣೆದುರಿಗೆ ಇದ್ದುದೆಲ್ಲ ಕಂಡಂತಾಗದು. ಕರಸ್ಥಲದಲ್ಲಿ ಲಿಂಗವಿದ್ದರೂ ಅದರತ್ತ ದೃಷ್ಟಿಯನ್ನು ನಿಲ್ಲಿಸಲು ಗುರುವು ಕಲಿಸಬೇಕಲ್ಲವೆ?

ಹೊಲದಲ್ಲಿ ಮಗುವು ಕಲಿಯುವ ಮೊದಲನೆಯ ಪಾಠ ತಾಳ್ಮೆ. ಚನ್ನಗಿರಿಯ ತೋಟದಲ್ಲಿ ಇಂದು ನೆಟ್ಟ ಅಡಕೆಯ ಸಸಿ ಫಲ ಕೊಡಲು ಐದಾರು ವರ್ಷಗಳೇ ಬೇಕು. ತಾತನು ನೆಟ್ಟ ಮರದ ಫಲವನ್ನು ಮೊಮ್ಮಗನು ಉಣ್ಣುತ್ತಾನೆ. ಎರಡನೆಯದು ಋಣದ ಅರಿವು. ಶಾಂತಿಸಾಗರವೆನಿಸಿದ ಸೂಳೆಕೆರೆಯ ನೀರು ಬಸವನಾಲೆ, ಸಿದ್ದನಾಲೆಗಳಲ್ಲಿ ಹರಿದು ಗದ್ದೆಗಳನ್ನು ತಣಿಸುವುದನ್ನು ಕಂಡ ಮಗುವಿಗೆ, ಈ ಕೆರೆಯನ್ನು ಕಟ್ಟಿದವರು ಈಗಿಲ್ಲ, ಅವರ ದಾಸೋಹ ಮಾತ್ರ ಶತಮಾನಗಳಿಂದಲೂ ನಡೆದಿದೆ ಎಂದು ತಿಳಿಸಬಹುದು. ತುಂಗಭದ್ರೆಯ ದಡದ ಹೊನ್ನಾಳಿಯ ಗದ್ದೆಗಳಲ್ಲಿ ಮೊಳಕಾಲವರೆಗಿನ ಕೆಸರಿನಲ್ಲಿ ಬೆನ್ನು ಬಾಗಿಸಿ ನಾಟಿ ಮಾಡುವ ತಾಯಂದಿರನ್ನು ಒಮ್ಮೆ ಕಂಡ ಮಗು ತಟ್ಟೆಯಲ್ಲಿ ಅನ್ನವನ್ನು ಬಿಟ್ಟೇಳಲು ಹಿಂಜರಿಯುತ್ತದೆ. ನ್ಯಾಮತಿಯ ಹೊಲದಲ್ಲಿ ಮೆಕ್ಕೆಜೋಳದ ಒಂದು ತೆನೆಯನ್ನು ಕೈಗೆ ಕೊಟ್ಟು ಕಾಳುಗಳನ್ನೆಣಿಸಲು ಹೇಳಿದರೆ, ಒಂದು ಕಾಳು ಮಣ್ಣಿಗೆ ತನ್ನನ್ನು ಒಪ್ಪಿಸಿಕೊಂಡು ನೂರಾರಾದ ಬಗೆಯನ್ನು ಅದು ತಾನೇ ಎಣಿಸಿ ತಿಳಿಯುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪಾಠ ಜಗಳೂರಿನದು. ಅಲ್ಲಿ ಉಳುಮೆ, ಬಿತ್ತನೆಗಳಲ್ಲಿ ಲೋಪವಿಲ್ಲದಿದ್ದರೂ ಮಳೆ ಕೈಕೊಟ್ಟರೆ ಶೇಂಗಾ ಹೊಲದಲ್ಲಿಯೇ ಬಾಡುತ್ತದೆ. ದುಡಿಮೆ ಮಾನವನ ಕೈಯಲ್ಲಿದೆ. ಫಲ ಸಂಪೂರ್ಣವಾಗಿ ಅವನ ಕೈಯಲ್ಲಿಲ್ಲ. ಬೆಳೆ ಬಾರದವನು ಸೋಮಾರಿಯಲ್ಲ, ಬೆಳೆದವನು ಗರ್ವಪಡತಕ್ಕವನೂ ಅಲ್ಲ ಎಂಬುದನ್ನು ಎಳವೆಯಲ್ಲಿಯೇ ಅರಿತವನು ಮುಂದೆ ಬಡವನನ್ನು ಹೀಗಳೆಯಲಾರ. ತುಂಗಭದ್ರೆಯ ನೀರನ್ನೆತ್ತಿ ಆ ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯೂ ಮಗುವಿಗೆ ಹೇಳತಕ್ಕ ಕಥೆಯೇ: ಇದ್ದೆಡೆಯಿಂದ ಇಲ್ಲದೆಡೆಗೆ ಹರಿಸುವುದೇ ದಾಸೋಹದ ಲಕ್ಷಣವಷ್ಟೆ.

ಶರಣರು ಕೃಷಿಯನ್ನು ಹೊಟ್ಟೆಪಾಡೆಂದು ಮಾತ್ರ ಎಣಿಸಲಿಲ್ಲ. 12ನೆಯ ಶತಮಾನದ ಒಕ್ಕಲಿಗ ಮುದ್ದಣ್ಣನವರಿಗೆ ಬೇಸಾಯವೇ ಶಿವಪಥವಾಯಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದುಬರುವಂತೆ ಹೇಳಿದ ಪ್ರಸಂಗ ಸರ್ವವಿದಿತ. ಕಾಳಿನ ಬೆಲೆಯನ್ನು ಬಲ್ಲವರಿಗೆ ಮಾತ್ರ ಆ ನಿರಾಶೆ ಸಾಧ್ಯ.

ಆದರೆ ಹೊಲದ ಬದುವಿನ ಮೇಲೆ ಕಲಿತುದನ್ನು ಮನೆಯ ಜಗುಲಿಯ ಮೇಲೆ ಅಳಿಸಿಹಾಕುವವರು ಹಿರಿಯರೇ ಆಗಿದ್ದಾರೆ. ‘ಓದದಿದ್ದರೆ ಎಮ್ಮೆ ಕಾಯಲು ಹೋಗು’ ಎಂಬ ಬೈಗುಳ ಎಷ್ಟು ಮನೆಗಳಲ್ಲಿಲ್ಲ! ಸ್ವತಃ ನೇಗಿಲು ಹಿಡಿದ ತಂದೆಯೇ ನೇಗಿಲನ್ನು ಶಿಕ್ಷೆಯೆಂದು ತೋರಿಸಿದರೆ, ಮಗುವು ಕಾಯಕವನ್ನು ಪೂಜೆಯೆಂದು ನಂಬುವುದೆಂತು? ಆ ಮಾತಿನಿಂದ ಮಗುವು ಓದನ್ನು ಪ್ರೀತಿಸಲು ಕಲಿಯುವುದಿಲ್ಲ. ತಂದೆಯ ಕೈಯ ಕೆಸರಿಗೆ ನಾಚಲು ಕಲಿಯುತ್ತದೆ. ಒಕ್ಕಲುತನದ ಕಷ್ಟನಷ್ಟಗಳನ್ನುಂಡ ತಂದೆಯು ತನ್ನ ಮಗನಿಗೆ ಬೇರೆ ಬಾಳನ್ನು ಬಯಸುವುದು ತಪ್ಪಲ್ಲ. ಮಗನು ವೈದ್ಯನಾಗಲಿ, ಅಧಿಕಾರಿಯಾಗಲಿ. ಆದರೆ ತಂದೆಯ ಕಾಯಕವನ್ನು ಕೀಳೆಂದು ತಿಳಿದು ಆಗುವುದು ಬೇಡ.

ಇನ್ನೊಂದು ವಿಷಯ. ಹೊಲಕ್ಕೆ ಬಂದ ಮಗುವು ಪೈರನ್ನು ಮಾತ್ರವಲ್ಲ, ಕೂಲಿಗೆ ಬಂದವರನ್ನೂ ನೋಡುತ್ತದೆ. ಹಿರಿಯರು ಅವರನ್ನು ಹೇಗೆ ಕರೆಯುತ್ತಾರೆಂಬುದನ್ನೂ ಕೇಳುತ್ತದೆ. ತಾತನ ವಯಸ್ಸಿನ ಆಳನ್ನು ಏಕವಚನದಲ್ಲಿ ಗದರಿದರೆ ಅಂದಿನ ಪಾಠವೆಲ್ಲ ವ್ಯರ್ಥ. ‘ಅಜ್ಜ’, ‘ಅವ್ವ’ ಎಂದು ಕರೆದು, ಬುತ್ತಿಯನ್ನು ಬಿಚ್ಚಿ ಎಲ್ಲರೂ ಒಂದೇ ಮರದ ನೆರಳಿನಲ್ಲಿ ಕುಳಿತು ಉಂಡರೆ, ಅನುಭವಮಂಟಪದ ಸಮತೆಯನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಆದಕಾರಣ ಸದ್ಭಕ್ತರು ಬಿತ್ತನೆಯ ದಿನವೊಮ್ಮೆ, ಸುಗ್ಗಿಯ ದಿನವೊಮ್ಮೆಯಾದರೂ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯತಕ್ಕದ್ದು. ನೋಡಿಸಿದರಷ್ಟೇ ಸಾಲದು, ಒಂದು ಹಿಡಿ ಬೀಜವನ್ನು ಅವರ ಕೈಯಿಂದಲೇ ಬಿತ್ತಿಸತಕ್ಕದ್ದು. ಆ ರಾತ್ರಿ ಮಗುವು ಪ್ರಸಾದಕ್ಕೆ ಕುಳಿತಾಗ ಅನ್ನವು ಎಲ್ಲಿಂದ ಬಂದಿತೆಂದು ಮತ್ತೊಮ್ಮೆ ಕೇಳಲಿ. ಮಗುವು ಉತ್ತರಿಸುವ ಮೊದಲು ಒಂದು ಕ್ಷಣ ತನ್ನ ಕೈಯನ್ನು ನೋಡಿಕೊಂಡರೆ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.