ಗ್ರಂಥಪ್ರಚಾರದಲ್ಲಿ ಸತ್ಯದ ಪ್ರಶ್ನೆ

ಗ್ರಂಥವನ್ನು ಬರೆಯುವುದು ಒಂದು ಕಾರ್ಯ. ಅದನ್ನು ವಾಚಕನ ಕೈಗೆ ತಲುಪಿಸುವುದು ಮತ್ತೊಂದು. ಮೊದಲನೆಯದರಲ್ಲಿ ಸತ್ಯಸಂಧತೆ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎರಡನೆಯದರಲ್ಲಿಯೂ ಅದು ಅಷ್ಟೇ ಅಗತ್ಯವೇ, ಅಥವಾ ವ್ಯಾಪಾರವೆಂಬ ಕಾರಣದಿಂದ ಅಲ್ಲಿ ಸ್ವಲ್ಪ ವಿನಾಯಿತಿ ಉಂಟೇ ಎಂಬ ಪ್ರಶ್ನೆ ಮಾತ್ರ ಅಪರೂಪವಾಗಿ ಕೇಳಿಬರುತ್ತದೆ. ವ್ಯಾಪಾರ, ಧನಾರ್ಜನೆ, ವ್ಯಕ್ತಿತ್ವವಿಕಾಸ, ಯಶಸ್ಸು ಮೊದಲಾದ ವಿಷಯಗಳನ್ನು ಕುರಿತ ಪುಸ್ತಕಗಳು ಅಂಗಡಿಗಳ ಮುಂಭಾಗವನ್ನು ತುಂಬಿರುವ ಈ ಕಾಲದಲ್ಲಿ ಈ ಪ್ರಶ್ನೆ ವಿಚಾರಾರ್ಹವಾಗಿದೆ.

ಮೈಸೂರಿನ ವಿಜಯನಗರ ಮೊದಲನೆಯ ಹಂತದಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ಭವನದಲ್ಲಿ ಪುಸ್ತಕ ಬಿಡುಗಡೆಯ ಸಮಾರಂಭಗಳು ನಡೆಯುತ್ತಿರುತ್ತವೆ. ಇಂಥ ಸಮಾರಂಭಗಳ ಕ್ರಮ ಕನ್ನಡಿಗರಿಗೆಲ್ಲ ಪರಿಚಿತವೇ: ಪ್ರಾರ್ಥನೆ, ಸ್ವಾಗತ, ಹಿರಿಯರೊಬ್ಬರಿಂದ ಲೋಕಾರ್ಪಣೆ, ಕೃತಿಪರಿಚಯ, ಲೇಖಕರ ಮಾತು, ವಂದನಾರ್ಪಣೆ, ಹೊರಬಾಗಿಲ ಬಳಿಯ ಮೇಜಿನ ಮೇಲೆ ರಿಯಾಯಿತಿ ದರದ ಮಾರಾಟ. ಇದರಲ್ಲಿ ಮರೆಮಾಚುವಂಥದು ಏನೂ ಇಲ್ಲ. ವೇದಿಕೆಯ ಮೇಲೆ ಹೊಗಳುತ್ತಿರುವವರು ಲೇಖಕರ ಆಹ್ವಾನದ ಮೇರೆಗೆ ಬಂದವರೆಂಬುದು ಸಭಿಕರಿಗೆ ಗೊತ್ತು. ಆದ್ದರಿಂದ ಆ ಹೊಗಳಿಕೆಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಅವರು ಕೊಡುತ್ತಾರೆ. ಪ್ರಚಾರವು ಪ್ರಚಾರವೆಂದೇ ಕಾಣಿಸಿಕೊಳ್ಳುವವರೆಗೆ ಅದರಲ್ಲಿ ದೋಷವಿಲ್ಲ.

ಲೇಖಕನು ತನ್ನ ಪುಸ್ತಕವನ್ನು ತಾನೇ ಪ್ರಕಟಿಸುವುದೂ ತಾನೇ ಮಾರುವುದೂ ಅಗೌರವವೆಂಬ ಭಾವನೆ ಕೆಲವರಲ್ಲಿದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ವಿಜಯನಗರದಿಂದ ಅನತಿದೂರದ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಎರಡನೆಯ ಮಹಾಯುದ್ಧದ ಕಾರಣದಿಂದ ಇಂಗ್ಲೆಂಡಿನ ಪ್ರಕಾಶಕರೊಡನೆ ವ್ಯವಹಾರ ದುಸ್ತರವಾದಾಗ ಅವರು 1942ರಲ್ಲಿ ಮೈಸೂರಿನಲ್ಲಿಯೇ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಸ್ಥಾಪಿಸಿ ತಮ್ಮ ಕೃತಿಗಳನ್ನು ತಾವೇ ಹೊರತಂದರು. ಅದಕ್ಕೂ ಹಿಂದೆ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿ, ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಅಭ್ಯಾಸವನ್ನು ಬೆಳೆಸಿದರು. ಯಶಸ್ಸಿನ ಪುಸ್ತಕಗಳೆಂಬ ಪ್ರಕಾರಕ್ಕೆ ಹೆಸರನ್ನೇ ಕೊಟ್ಟ ಸ್ಯಾಮ್ಯುಯೆಲ್ ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’ ಗ್ರಂಥವು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದೂ ಲೇಖಕನದೇ ವೆಚ್ಚದಲ್ಲಿ; ಮೊದಲ ವರ್ಷದಲ್ಲಿಯೇ ಅದರ ಸುಮಾರು 20,000 ಪ್ರತಿಗಳು ಮಾರಾಟವಾದವು. ಸ್ವಂತ ಹಣ ಹೂಡುವುದೂ ಸ್ವಂತ ಹೆಗಲ ಮೇಲೆ ಹೊರುವುದೂ ತಪ್ಪಲ್ಲ, ಪರಿಶ್ರಮ.

ಇನ್ನೂ ಹಿಂದಕ್ಕೆ ಹೋದರೆ ದಾನಚಿಂತಾಮಣಿ ಅತ್ತಿಮಬ್ಬೆಯ ನಿದರ್ಶನ ದೊರೆಯುತ್ತದೆ. ಪೊನ್ನನ ‘ಶಾಂತಿಪುರಾಣ’ ರಚಿತವಾದದ್ದು ಆಕೆಯ ತಂದೆ ಮಲ್ಲಪ ಹಾಗೂ ಆತನ ಸೋದರ ಪುನ್ನಮಯ್ಯ ಇವರ ಪ್ರೇರಣೆಯಿಂದ. ಆ ಕಾವ್ಯದ 1000 ಓಲೆಯ ಪ್ರತಿಗಳನ್ನು ಮಾಡಿಸಿ ಆಕೆ ದಾನವಿತ್ತಳೆಂಬುದು ಸುಪ್ರಸಿದ್ಧ. ಹೊರಗಿನಿಂದ ನೋಡಿದರೆ, ಸ್ಥಿತಿವಂತ ಮನೆತನವೊಂದು ತಾನೇ ಬರೆಯಿಸಿದ ಗ್ರಂಥದ ಸಾವಿರ ಪ್ರತಿಗಳಿಗೆ ತಾನೇ ಹಣ ತೆತ್ತಂತೆ ಕಾಣುತ್ತದೆ. ಆದರೂ ಸಾವಿರ ವರ್ಷಗಳಿಂದ ಜನ ಅದನ್ನು ಶಾಸ್ತ್ರದಾನವೆಂದು ಕೊಂಡಾಡಿದ್ದಾರೆ. ಕಾರಣ ಸ್ಪಷ್ಟ: ಪ್ರತಿಗಳು ಓದುವವರ ಕೈ ಸೇರಿದವು, ಕೊಟ್ಟವಳು ಕೊಟ್ಟೆನೆಂದೇ ತಿಳಿಸಿದಳಲ್ಲದೆ, ಸಾವಿರ ಮಂದಿ ಬೇಡಿ ಕೊಂಡುಹೋದರೆಂದು ಬಿಂಬಿಸಲಿಲ್ಲ.

ಈ ನಿದರ್ಶನದ ಪಕ್ಕದಲ್ಲಿ 1995ರಲ್ಲಿ ಅಮೆರಿಕದಲ್ಲಿ ನಡೆದ ಪ್ರಕರಣವೊಂದನ್ನು ಇರಿಸಿ ನೋಡಬಹುದು. ಮೈಕೆಲ್ ಟ್ರೇಸಿ, ಫ್ರೆಡ್ ವಿಯರ್ಸೆಮಾ ಎಂಬ ಇಬ್ಬರು ವ್ಯಾಪಾರ ಸಲಹೆಗಾರರು ಬರೆದ ‘ದಿ ಡಿಸಿಪ್ಲಿನ್ ಆಫ್ ಮಾರ್ಕೆಟ್ ಲೀಡರ್ಸ್’ ಎಂಬ ಪುಸ್ತಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಅತ್ಯಧಿಕ ಮಾರಾಟದ ಪಟ್ಟಿಯಲ್ಲಿ ವಾರಗಟ್ಟಲೆ ನಿಂತಿತು. ದೇಶದ ಹಲವಾರು ಸಣ್ಣಪುಟ್ಟ ಅಂಗಡಿಗಳಿಂದ ಅದರ ಸಾವಿರಾರು ಪ್ರತಿಗಳನ್ನು ಲೇಖಕರ ಕಡೆಯವರೇ ಕೊಂಡಿದ್ದರೆಂದು ‘ಬಿಸಿನೆಸ್ ವೀಕ್’ ವಾರಪತ್ರಿಕೆ ವರದಿಮಾಡಿತು. ತಾವು ಅನುಚಿತವಾದುದೇನನ್ನೂ ಮಾಡಿಲ್ಲವೆಂದು ಲೇಖಕರು ವಾದಿಸಿದರು. ಆ ಬಳಿಕ, ಸಗಟು ಖರೀದಿಯ ಸೂಚನೆ ಕಂಡುಬಂದ ಪುಸ್ತಕಗಳ ಮುಂದೆ ಕಠಾರಿಯಾಕಾರದ ಒಂದು ಚಿಹ್ನೆಯನ್ನು ಮುದ್ರಿಸುವ ಪದ್ಧತಿ ಆ ಪಟ್ಟಿಯಲ್ಲಿ ಜಾರಿಗೆ ಬಂದಿತು.

ಯಾರಾದರೂ ತಮ್ಮ ಪುಸ್ತಕವನ್ನು ತಾವೇ ಕೊಂಡು ರಾಶಿಹಾಕಿಕೊಳ್ಳುವುದರಿಂದ ಏನು ಲಾಭವೆಂದು ಸಾಮಾನ್ಯ ಓದುಗನಿಗೆ ಅನ್ನಿಸಬಹುದು. ವ್ಯಾಪಾರ ಕುರಿತ ಪುಸ್ತಕದ ಅರ್ಥಶಾಸ್ತ್ರವೇ ಬೇರೆ. ಅಲ್ಲಿ ಅನೇಕ ಲೇಖಕರಿಗೆ ಪುಸ್ತಕದ ಬೆಲೆಯಿಂದ ಬರುವ ಗೌರವಧನ ಗೌಣ. ಪುಸ್ತಕವು ಅವರ ಪರಿಚಯಪತ್ರ. ಪಟ್ಟಿಯಲ್ಲಿ ಹೆಸರು ಬಂದರೆ ಉಪನ್ಯಾಸಗಳ ಸಂಭಾವನೆ ಏರುತ್ತದೆ, ತರಬೇತಿ ಶಿಬಿರಗಳಿಗೆ ಜನ ಸೇರುತ್ತಾರೆ, ಕಂಪನಿಗಳು ಸಲಹೆಗೆ ಕರೆಯುತ್ತವೆ. ಪುಸ್ತಕಕ್ಕೆ ಹಾಕಿದ ಹಣ ಬೇರೆ ಬಾಗಿಲಿನಿಂದ ಇಮ್ಮಡಿಯಾಗಿ ಮರಳಬಲ್ಲುದು.

ಪಟ್ಟಿಗಳು ಈಗ ಗಣಕಯಂತ್ರಗಳಿಗೆ ಸಾಗಿವೆ. ಆಮಿಷ ಇನ್ನೂ ಅಗ್ಗವಾಗಿದೆ. ಅಂತರಜಾಲದ ಮಳಿಗೆಗಳು ಪುಸ್ತಕಗಳನ್ನು ಅಸಂಖ್ಯ ಉಪವಿಭಾಗಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಂದು ಪ್ರಥಮಸ್ಥಾನವನ್ನು ಕಲ್ಪಿಸುತ್ತವೆ. 2016ರಲ್ಲಿ ಬ್ರೆಂಟ್ ಅಂಡರ್‌ವುಡ್ ಎಂಬ ಅಮೆರಿಕದ ಪುಸ್ತಕಪ್ರಚಾರಕನು ಈ ವ್ಯವಸ್ಥೆಯ ಪೊಳ್ಳುತನವನ್ನು ತೋರಿಸಲೆಂದೇ ತನ್ನ ಪಾದದ ಛಾಯಾಚಿತ್ರವೊಂದನ್ನು ಪುಸ್ತಕವೆಂದು ಅಮೆಜಾನಿನಲ್ಲಿ ಏರಿಸಿದನು. ಸ್ಪರ್ಧೆಯಿಲ್ಲದ ಉಪವಿಭಾಗವೊಂದನ್ನು ಆರಿಸಿಕೊಂಡು, ಬೆರಳೆಣಿಕೆಯ ಪ್ರತಿಗಳ ಮಾರಾಟದಿಂದಲೇ ಅದು ಅಲ್ಲಿ ಮೊದಲನೆಯ ಸ್ಥಾನಕ್ಕೆ ಬಂದಿತು. ಇದಕ್ಕೆ ತಗುಲಿದ್ದು 3 ಡಾಲರ್ ಮತ್ತು ಐದು ನಿಮಿಷವೆಂದು ಆತನೇ ಬರೆದು ಪ್ರಕಟಿಸಿದನು.

ಕನ್ನಡ ಪುಸ್ತಕಲೋಕದಲ್ಲಿ ಒಂದು ಒಳ್ಳೆಯ ರೂಢಿಯುಂಟು. ಮುಖಪುಟದ ಹಿಂದಿನ ವಿವರಗಳ ಪುಟದಲ್ಲಿ ಮುದ್ರಣದ ವರ್ಷ, ಬೆಲೆ, ಪುಟಗಳ ಸಂಖ್ಯೆ ಇವುಗಳೊಡನೆ ‘ಪ್ರತಿಗಳು: 1000’ ಎಂದು ಎಷ್ಟೋ ಪ್ರಕಾಶಕರು ಅಚ್ಚುಹಾಕುತ್ತಾರೆ. ಒಂದೇ ಸಾಲಾದರೂ ಅದು ಓದುಗನಿಗೆ ಕೊಟ್ಟ ಲೆಕ್ಕ. ಆದರೆ ಬೇಡಿಕೆಗೆ ತಕ್ಕಂತೆ ಹತ್ತಿಪ್ಪತ್ತು ಪ್ರತಿಗಳನ್ನೂ ಅಚ್ಚುಹಾಕಬಹುದಾದ ಯಂತ್ರಗಳು ಬಂದ ಮೇಲೆ ‘ಐದನೆಯ ಮುದ್ರಣ’ ಎಂಬ ಮಾತಿನ ಅರ್ಥ ಸಡಿಲವಾಗಿದೆ. ಪ್ರತಿಗಳ ಸಂಖ್ಯೆಯನ್ನು ಬಿಟ್ಟು ಮುದ್ರಣದ ಸಂಖ್ಯೆಯನ್ನು ಮಾತ್ರ ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಮೆರೆಸಿದರೆ, ಅಕ್ಷರಶಃ ಸುಳ್ಳು ಹೇಳದೆಯೇ ಸುಳ್ಳನ್ನು ನಂಬಿಸಿದಂತಾಗುತ್ತದೆ.

ಇಷ್ಟಕ್ಕೂ ಇದರಿಂದ ಯಾರಿಗೆ ಹಾನಿ? ಈ ಪ್ರಶ್ನೆಗೆ ಉತ್ತರವು ಇಂಥ ಪುಸ್ತಕವನ್ನು ಕೊಳ್ಳುವವನ ಸ್ಥಿತಿಯಲ್ಲಿದೆ. ಕಾದಂಬರಿಯನ್ನು ಕೊಳ್ಳುವವನು ಬಿಡುವಿನಲ್ಲಿ ಕೊಳ್ಳುತ್ತಾನೆ. ನಿರಾಸೆಯಾದರೆ ಪುಸ್ತಕವನ್ನು ಬದಿಗಿಡುತ್ತಾನೆ. ಯಶಸ್ಸಿನ ಪುಸ್ತಕವನ್ನು ಕೊಳ್ಳುವವನು ಬಹುಮಟ್ಟಿಗೆ ಸಂಕಟದಲ್ಲಿ ಇರುವವನು: ಪದವಿ ಪಡೆದೂ ಉದ್ಯೋಗ ಕಾಣದ ತರುಣ, ನಷ್ಟದಲ್ಲಿರುವ ಅಂಗಡಿಕಾರ, ಸಾಲ ಮಾಡಿ ಸಣ್ಣ ಉದ್ಯಮ ತೊಡಗಲು ಹೊರಟ ಗೃಹಿಣಿ. ಬೋಧಿಸಿದ ಸೂತ್ರವನ್ನು ಪರೀಕ್ಷಿಸುವ ಸಾಧನ ಅವರಲ್ಲಿಲ್ಲ. ಇಷ್ಟು ಸಾವಿರ ಜನ ಕೊಂಡಿದ್ದಾರೆ, ಇಷ್ಟು ಮಂದಿ ಮೆಚ್ಚಿದ್ದಾರೆ ಎಂಬ ಸಾಕ್ಷ್ಯವನ್ನೇ ನಂಬಿ ಅವರು ಹಣವನ್ನೂ ಅದಕ್ಕಿಂತ ಬೆಲೆಯುಳ್ಳ ವಿಶ್ವಾಸವನ್ನೂ ತೆರುತ್ತಾರೆ. ಆ ಸಾಕ್ಷ್ಯವನ್ನು ಲೇಖಕನೇ ತಯಾರಿಸಿದ್ದರೆ, ವಾದಿಯೇ ವೇಷ ಬದಲಿಸಿ ಸಾಕ್ಷಿಯ ಕಟ್ಟೆ ಏರಿದಂತೆ.

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಎರಡು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ. ಒಂದು, ಕೂಟಲೇಖಕ್ರಿಯೆ. ಮತ್ತೊಬ್ಬನು ಆಡದ ಮಾತನ್ನು ಆಡಿದನೆಂದೂ ಮಾಡದ ಕಾರ್ಯವನ್ನು ಮಾಡಿದನೆಂದೂ ವಂಚನೆಗಾಗಿ ಬರೆಯುವುದು ಕೂಟಲೇಖವೆಂದು ಪೂಜ್ಯಪಾದರ ವ್ಯಾಖ್ಯಾನದ ತಾತ್ಪರ್ಯ. ಹಣ ಕೊಟ್ಟು ಬರೆಯಿಸಿದ ಓದುಗರ ಅಭಿಪ್ರಾಯ, ಓದದವರ ಹೆಸರಿನಲ್ಲಿ ಅಚ್ಚಾದ ಬೆನ್ನುಡಿ, ಕೊಳ್ಳದವರ ಲೆಕ್ಕದಲ್ಲಿ ಸೇರಿದ ಮಾರಾಟ, ಇವೆಲ್ಲ ಈ ವ್ಯಾಖ್ಯೆಯೊಳಗೆ ಬರುತ್ತವೆ. ಪ್ರಾಚೀನರು ಕಂಡ ಈ ದೋಷವನ್ನು ಇಂದಿನ ಕಾನೂನೂ ಗುರುತಿಸತೊಡಗಿದೆ. ಅಂತರಜಾಲದ ಗ್ರಾಹಕಾಭಿಪ್ರಾಯಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯ ಮಾನಕವು 2022ರಲ್ಲಿ ಬಂದಿತು; ನಕಲಿ ಅಭಿಪ್ರಾಯಗಳ ಕ್ರಯವಿಕ್ರಯವನ್ನು ನಿಷೇಧಿಸುವ ನಿಯಮವನ್ನು ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಹೊರಡಿಸಿತು.

ಇನ್ನೊಂದು ಅತಿಚಾರ ಮಿಥ್ಯೋಪದೇಶ. ಅಭ್ಯುದಯಕ್ಕೂ ನಿಃಶ್ರೇಯಸಕ್ಕೂ ಸಂಬಂಧಿಸಿದ ಕ್ರಿಯೆಗಳಲ್ಲಿ ಮತ್ತೊಬ್ಬನನ್ನು ತಪ್ಪುದಾರಿಯಲ್ಲಿ ಪ್ರವರ್ತಿಸುವುದೇ ಅದು. ಅಭ್ಯುದಯವೆಂಬ ಮಾತು ಇಲ್ಲಿ ಗಮನಾರ್ಹ: ಲೌಕಿಕ ಏಳಿಗೆಯ ಉಪದೇಶವೂ ಸತ್ಯವ್ರತದ ವ್ಯಾಪ್ತಿಗೆ ಸೇರಿದೆ. ಗೆದ್ದವರನ್ನು ಮಾತ್ರ ಆರಿಸಿ ಅವರ ಗುಣಗಳನ್ನು ಪಟ್ಟಿಮಾಡಿ ಅವೇ ಗೆಲುವಿನ ಕಾರಣಗಳೆನ್ನುವುದು ಈ ಪ್ರಕಾರದ ಹಳೆಯ ದೌರ್ಬಲ್ಯ. ಅದೇ ಗುಣಗಳಿದ್ದೂ ಸೋತವರ ಕಥೆ ಪುಸ್ತಕದೊಳಗೆ ಬರುವುದೇ ಇಲ್ಲ. ಗೆಲುವು ಕಾಯಂ ಎಂದೂ ಹೇಳಲಾಗದು. ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ (2001) ಶ್ರೇಷ್ಠವೆಂದು ಎತ್ತಿಹಿಡಿದ 11 ಕಂಪನಿಗಳಲ್ಲಿ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಫ್ಯಾನಿ ಮೇ ಸರಕಾರದ ಪಾಲನೆಗೆ ಒಳಪಟ್ಟಿತು. ಕಂಪನಿಗಳ ಪತನವನ್ನೇ ವಿಷಯವಾಗಿಸಿಕೊಂಡು ಕಾಲಿನ್ಸ್ 2009ರಲ್ಲಿ ಮತ್ತೊಂದು ಪುಸ್ತಕ ಬರೆದರೆಂಬುದು ಅವರ ಪ್ರಾಮಾಣಿಕತೆಗೆ ಸಲ್ಲಬೇಕಾದ ಮಾತು. ಉಪದೇಶದಲ್ಲಿ ದೋಷ ಉಳಿಯುವುದು ಸಹಜ. ಅದನ್ನು ಕೃತಕ ಸಾಕ್ಷ್ಯದಿಂದ ಮುಚ್ಚಿದಾಗ ತಿದ್ದುವ ದಾರಿಯೂ ಮುಚ್ಚಿಹೋಗುತ್ತದೆ.

ಪ್ರತಿಪಕ್ಷವನ್ನೂ ಆಲಿಸುವುದು ನ್ಯಾಯ. ಸಣ್ಣ ಪ್ರಕಾಶಕನ ಕಷ್ಟ ಕಡಿಮೆಯದಲ್ಲ. ಸಾವಿರ ಪ್ರತಿ ಅಚ್ಚುಹಾಕಿಸಿ, ಸರಕಾರದ ಗ್ರಂಥಾಲಯ ಇಲಾಖೆ ಆಯ್ಕೆಮಾಡಿದರೆ 300 ಪ್ರತಿಗಳು ಹೋದಾವೆಂಬ ನಿರೀಕ್ಷೆಯಲ್ಲಿ ಆತನು ಕಾಯಬೇಕು. ಅದ್ದೂರಿಯ ಜಾಹೀರಾತಿನ ನಡುವೆ ಆತನ ಒಳ್ಳೆಯ ಪುಸ್ತಕ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹಿತಕರವಾದ ಪುಸ್ತಕವನ್ನು ಹತ್ತು ಜನರಿಗೆ ಮುಟ್ಟಿಸಲು ಒಂದು ಸಣ್ಣ ಉಪಾಯ ಮಾಡಿದರೆ ತಪ್ಪೇನು, ಔಷಧ ಒಳ್ಳೆಯದಾದರೆ ಸೀಸೆಯ ಮೇಲಿನ ಚೀಟಿ ಸ್ವಲ್ಪ ಅತಿಶಯವಾಗಿದ್ದರೇನು, ಎಂದು ಆತನು ಕೇಳಿದರೆ ಅದು ತಳ್ಳಿಹಾಕುವ ಪ್ರಶ್ನೆಯಲ್ಲ.

ಆದರೂ ಉತ್ತರವಿದೆ. ಮೊದಲನೆಯದಾಗಿ, ಪಟ್ಟಿಯ ಸ್ಥಾನಗಳು ಪರಿಮಿತ. ಕೃತಕವಾಗಿ ಒಬ್ಬನು ಮೇಲೇರಿದರೆ ನಿಜವಾಗಿ ಓದಿಸಿಕೊಂಡ ಮತ್ತೊಬ್ಬನು ಕೆಳಗಿಳಿಯುತ್ತಾನೆ. ಆಗ ಅಸತ್ಯಕ್ಕೆ ಅದತ್ತಾದಾನವೂ ಬೆರೆಯುತ್ತದೆ. ಎರಡನೆಯದಾಗಿ, ಉಪಾಯ ಮಾಡುವವನಿಗೆ ತನ್ನ ಪುಸ್ತಕದ ಯೋಗ್ಯತೆ ಎಂದೂ ತಿಳಿಯುವುದಿಲ್ಲ. ತಾನೇ ಕೊಂಡ ಹೊಗಳಿಕೆಯನ್ನು ಕೆಲಕಾಲದ ಮೇಲೆ ತಾನೇ ನಂಬತೊಡಗುತ್ತಾನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪರಿಶ್ರಮದಿಂದ ಮೇಲೇರಬಹುದೆಂದು ಬೋಧಿಸುವ ಪುಸ್ತಕವೇ ಪರಿಶ್ರಮವಿಲ್ಲದೆ ಮೇಲೇರಿದ್ದರೆ, ಅದು ತನ್ನ ಬೋಧನೆಯನ್ನು ತಾನೇ ನಿರಾಕರಿಸಿದಂತೆ. ಅದನ್ನು ನಂಬಿ ದುಡಿದು ಸೋತ ಓದುಗನು ದೋಷ ತನ್ನದೇ ಎಂದು ಕೊರಗುತ್ತಾನೆ. ಬರೆದವನೇ ಆ ದಾರಿಯಲ್ಲಿ ನಡೆದಿರಲಿಲ್ಲವೆಂಬುದು ಅವನಿಗೆ ತಿಳಿಯುವುದಿಲ್ಲ.

ಇಂಥ ಉಪಾಯಗಳು ಅನಿವಾರ್ಯವೂ ಅಲ್ಲ. ಯಾದವಗಿರಿಯಲ್ಲಿಯೇ ಇರುವ ಶ್ರೀರಾಮಕೃಷ್ಣ ಆಶ್ರಮವು ಪ್ರಕಟಿಸಿದ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಗ್ರಂಥವು ಮತ್ತೆ ಮತ್ತೆ ಮುದ್ರಣಗೊಂಡು ಹಿಂದಿ, ಇಂಗ್ಲಿಷುಗಳಿಗೂ ಹೋಯಿತು. ಬರೆದವರು ಸಂನ್ಯಾಸಿಗಳು, ಪುಸ್ತಕದ ಬೆನ್ನಿಗೆ ಮಾರಲು ಅವರ ಬಳಿ ಮತ್ತಾವ ಸರಕೂ ಇರಲಿಲ್ಲ. ಎಲ್ಲ ಲೇಖಕರೂ ಸಂನ್ಯಾಸಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಗೃಹಸ್ಥನಿಗೆ ಅಣುವ್ರತವೇ ಸಾಕು.

ಆ ಅಣುವ್ರತವನ್ನು ಲೇಖಕನೂ ಪ್ರಕಾಶಕನೂ ಆಚರಣೆಗೆ ತರುವುದು ಕಷ್ಟವಲ್ಲ. ಅಚ್ಚಾದ ಪ್ರತಿಗಳ ಸಂಖ್ಯೆಯನ್ನು ಪ್ರತಿ ಮುದ್ರಣದಲ್ಲಿಯೂ ಕಾಣಿಸುವುದು. ಹಂಚಿದ್ದನ್ನು ಹಂಚಿದ್ದೆಂದೂ ಮಾರಿದ್ದನ್ನು ಮಾರಿದ್ದೆಂದೂ ಹೇಳುವುದು. ಪುಸ್ತಕವನ್ನು ಪೂರ್ತಿ ಓದಿದವರಿಂದ ಮಾತ್ರ ಬೆನ್ನುಡಿ ಬರೆಯಿಸುವುದು. ಬಂಧುಮಿತ್ರರ ಮೆಚ್ಚುಗೆಯನ್ನು ಅಪರಿಚಿತರ ಮೆಚ್ಚುಗೆಯೆಂದು ತೋರಿಸದಿರುವುದು. ತನ್ನ ಸೂತ್ರ ಎಲ್ಲಿ ಫಲಿಸಲಿಲ್ಲವೆಂಬುದಕ್ಕೂ ಒಂದು ಅಧ್ಯಾಯ ಮೀಸಲಿಡುವುದು. ಇವುಗಳಿಂದ ಮಾರಾಟ ಕೊಂಚ ಕುಗ್ಗಬಹುದು. ಆದರೆ ಕೆಲಸ ಕಳೆದುಕೊಂಡು ಪುಸ್ತಕದಂಗಡಿಯ ಮುಂದೆ ನಿಂತು, ಜೇಬಿನಲ್ಲಿರುವ ಇನ್ನೂರು ರೂಪಾಯಿಗಳನ್ನು ಎಣಿಸುತ್ತಿರುವ ತರುಣನಿಗೆ ಸಲ್ಲಬೇಕಾದ ಲೆಕ್ಕ ಅದು. ಅವನು ಪುಸ್ತಕವನ್ನು ಕೊಳ್ಳಲಿ, ಬಿಡಲಿ, ರಕ್ಷಾಪುಟದ ಮೇಲೆ ಓದಿದ ಸಂಖ್ಯೆ ನಿಜವಾಗಿರಬೇಕು.